ಸಂಜೆ ಕೂಗಿನ ಕೊನೆಯ ಸಾಲು

ಸೆನ್ಸಿ ಮುದುಕಿ ಹೆದರಿಕೆಯಲ್ಲಿ ಪ್ರಾರ್ಥನೆಯನ್ನೇ ಮರೆತುಬಿಟ್ಟಳು ಎಂದು ಬಾಲ್ಸರ್ಸ್‌ನಿಂದ ರುಗ್ಗೆಲ್‌ವರೆಗೆ ಎಲ್ಲರೂ ಹೇಳುತ್ತಾರೆ. ಹೇಳಲಿ. ನಮ್ಮದು ಸ್ವಿಟ್ಜರ್ಲೆಂಡ್ ಆಸ್ಟ್ರಿಯಾಗಳ ನಡುವಿನ ಅಂಗೈಯಗಲದ ದೇಶ, ಈ ತುದಿಯಲ್ಲಿ ಒಬ್ಬ ಸೀನಿದರೆ ಆ ತುದಿಯಲ್ಲಿ ಕಷಾಯಕ್ಕಿಡುತ್ತಾರೆ. ಗಡಿಗೆಯ ಬಾಯಿ ಮುಚ್ಚಬಹುದು, ಜನರ ಬಾಯಿ ಮುಚ್ಚಲಾದೀತೇ? ನಾನು ಮರೆತೆನೋ ಇಲ್ಲವೋ ಎಂಬುದು ಇಬ್ಬರಿಗೆ ಮಾತ್ರ ಗೊತ್ತು: ನನಗೆ ಮತ್ತು ನನ್ನ ಗಂಡ ಟಿಯೋಡುಲ್‌ಗೆ. ಅವನಿಗೆ ಮಾತಿಲ್ಲ. ನನಗೆ ಮಾತುಂಟು, ಆದರೆ ಇಷ್ಟು ದಿನ ಆಡಲಿಲ್ಲ.

ನಾವು ಟ್ರೀಸೆನ್‌ಬೆರ್ಗ್‌ನವರು. ಬೇಸಿಗೆಯಲ್ಲಿ ಸ್ಟೇಗ್ ಹಳ್ಳಿಯ ಮೇಲಿನ ಹಿಂಟರ್‌ಗ್ರಾಟ್ ಗೋಮಾಳದಲ್ಲಿರುತ್ತೇವೆ. ಜೂನ್‌ನಲ್ಲಿ ಊರಿನ ಹತ್ತಾರು ಮನೆಗಳ ಹಸುಗಳನ್ನು ನಮ್ಮ ಕೈಗೆ ಒಪ್ಪಿಸುತ್ತಾರೆ, ಸೆಪ್ಟೆಂಬರ್ ಕೊನೆಗೆ, ಬೇಸಿಗೆಯಲ್ಲಿ ಸಾವು ನೋವಿಲ್ಲದಿದ್ದರೆ, ಹೂವು ಕಟ್ಟಿ ಕೆಳಗಿಳಿಸುತ್ತೇವೆ. ನಡುವೆ ಪ್ರತಿ ಸಂಜೆ ಒಂದು ಕೂಗು. ಹಾಲು ಸೋಸುವ ಮರದ ದೊಡ್ಡ ಆಲಿಕೆಯನ್ನು ಬಾಯಿಗಿಟ್ಟುಕೊಂಡು, ಮನೆಯ ಮುಂದಿನ ಶಿಲುಬೆಯ ಬುಡದಲ್ಲಿ ನಿಂತು, ನಾಲ್ಕು ದಿಕ್ಕಿಗೂ ತಿರುಗಿ ರಾಗವಾಗಿ ಕೂಗಬೇಕು. ಆ ದನಿ ಎಲ್ಲಿಯವರೆಗೆ ಮುಟ್ಟುತ್ತದೋ ಅಲ್ಲಿಯವರೆಗೆ ರಾತ್ರಿ ದನಕ್ಕಾಗಲಿ ಮನುಷ್ಯನಿಗಾಗಲಿ ಕೇಡಿಲ್ಲ ಎಂಬುದು ನಂಬಿಕೆ. ಕೇಳಿದವರು ನಿಂತಲ್ಲೇ ನಿಲ್ಲಬೇಕು, ಟೋಪಿ ತೆಗೆಯಬೇಕು, ಕೊನೆಯ ಸಾಲು ಮುಗಿಯುವ ತನಕ ಹೆಜ್ಜೆ ಎತ್ತಬಾರದು. ಹಾಲಿನ ಬಕೆಟ್ ಹಿಡಿದವನೂ ಬಕೆಟ್ ಕೆಳಗಿಟ್ಟು ನಿಲ್ಲುತ್ತಾನೆ.

ಬಹಳ ವರ್ಷ ಟಿಯೋಡುಲ್‌ನೇ ಕೂಗುತ್ತಿದ್ದ. ಆಮೇಲೆ ಅವನ ಗಂಟಲಲ್ಲಿ ಗಡ್ಡೆ ಎದ್ದಿತು. ಕೊಯ್ದು ತೆಗೆದರು, ಜೀವ ಉಳಿಯಿತು, ದನಿ ಹೋಯಿತು. ಮರುವರ್ಷ ಆಲಿಕೆಯನ್ನು ನಾನೆತ್ತಿಕೊಂಡೆ. ಹೆಂಗಸು ಕೂಗುವುದುಂಟೇ ಎಂದು ಊರಿನ ಕೆಲವು ಹಿರಿಯರು ಮೂಗು ಮುರಿದರು. ಹಾಗಾದರೆ ನೀವೇ ದಿನಾ ಸಂಜೆ ಹತ್ತಿ ಬಂದು ಕೂಗಿ ಎಂದೆ. ಒಬ್ಬನೂ ಬರಲಿಲ್ಲ.

ನಮ್ಮ ಮನೆಯ ಎದುರಿಗೆ, ಆಳವಾದ ಕೊರಕಲಿನ ಆಚೆ, ಒಂದು ಕರಿಬಂಡೆಯ ಗೋಡೆಯಿದೆ. ನಾವು ಕೂಗಿದ್ದನ್ನು ಅದು ತಿರುಗಿ ಕೂಗುತ್ತದೆ, ಕೆಲವೊಮ್ಮೆ ನಮಗಿಂತ ಗಟ್ಟಿಯಾಗಿ. ನಮ್ಮವರು ಅದನ್ನು 'ಆಚೆಯವನು' ಎನ್ನುತ್ತಾರೆ. ಬಿಸಿಲಲ್ಲಿ ಮಕ್ಕಳು ಅವನ ಜೊತೆ ಬೈಗುಳದ ಪಂದ್ಯ ಕಟ್ಟುತ್ತಾರೆ. ಮಂಜಿನಲ್ಲಿ ಯಾರೂ ಅವನ ಹೆಸರೆತ್ತುವುದಿಲ್ಲ. ಮಂಜು ಕವಿದಾಗ ಮೇಲಿನ ದಾರಿಯಲ್ಲಿರುವವನಿಗೆ ನಮ್ಮ ದನಿ ಕೇಳುವುದೇ ಇಲ್ಲ, ಆಚೆಯವನದು ಮಾತ್ರ ಕೇಳುತ್ತದೆ. ಅದನ್ನು ನಂಬಿ ಹೆಜ್ಜೆ ಹಾಕಿದವನ ಮುಂದೆ ಮನೆ ಇರುವುದಿಲ್ಲ, ಕೊರಕಲಿರುತ್ತದೆ.

ಆ ವರ್ಷ ದನ ಇಳಿಸುವ ಹಿಂದಿನ ದಿನ. ಕಾಗದದ ಹೂಗಳನ್ನು ಕಟ್ಟಿ ಪೆಟ್ಟಿಗೆಯಲ್ಲಿಟ್ಟಿದ್ದೆ. ಹಸುಗಳ ಹಣೆಗೆ ಕಟ್ಟುವ ಮರದ ಹೃದಯಗಳಿಗೆ ಬಣ್ಣ ಬಳಿದು ಒಣಗಲು ಹಾಕಿದ್ದೆ. ಬೇಸಿಗೆ ಪೂರ್ತಿ ಒಂದು ಕರುವೂ ಜಾರಿರಲಿಲ್ಲ, ಆದರೆ ಆ ಮಾತನ್ನು ನಾವಿಬ್ಬರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಕೊನೆಯ ಗೇಟು ದಾಟುವವರೆಗೆ ಅದನ್ನು ಹೇಳಬಾರದು.

ಮೂರು ದಿನದಿಂದ ತೆಂಕಣದ ಫ್ಯೋನ್ ಗಾಳಿ ಬೀಸುತ್ತಿತ್ತು. ಅದು ಬೀಸುವಾಗ ಬೆಟ್ಟಗಳೆಲ್ಲ ಕೈಗೆಟಕುವಷ್ಟು ಹತ್ತಿರ ಕಾಣುತ್ತವೆ, ತಲೆ ಸಿಡಿಯುತ್ತದೆ, ಗಂಡ ಹೆಂಡಿರು ಜಗಳಾಡುತ್ತಾರೆ. ನಮ್ಮ ಮನೆಯಲ್ಲಿ ಒಬ್ಬರೇ ಜಗಳಾಡಬೇಕು, ಅದೊಂದು ಅನುಕೂಲ. ಆ ಮಧ್ಯಾಹ್ನ ಗಾಳಿ ಒಮ್ಮೆಗೇ ನಿಂತುಹೋಯಿತು. ಫ್ಯೋನ್ ಬಿದ್ದರೆ ಹಿಂದೆಯೇ ಮಂಜು ಬರುತ್ತದೆ ಎಂದು ಇಲ್ಲಿ ಎಳೆ ಮಗುವಿಗೂ ಗೊತ್ತು. ಹಸುಗಳು ಕರೆಯದೆಯೇ ಮೇಲಿನಿಂದ ಇಳಿದು ಬಂದು, ಬೆಟ್ಟಕ್ಕೆ ಬೆನ್ನು ಮಾಡಿ ಒತ್ತೊತ್ತಾಗಿ ನಿಂತವು. ಒಂದರ ಗಂಟೆಯೂ ಅಲ್ಲಾಡಲಿಲ್ಲ. ನನಗೆ ಅದು ಹಿಡಿಸಲಿಲ್ಲ. ಟಿಯೋಡುಲ್ ನನ್ನ ಮುಖ ನೋಡಿ ತಲೆಯಾಡಿಸಿದ. ಅವನಿಗೂ ಹಿಡಿಸಿರಲಿಲ್ಲ.

ಅಷ್ಟರಲ್ಲಿ ಬೆನ್ನ ಹಿಂದೆಯೇ ಯಾರೋ ಕೆಮ್ಮಿದರು. ನಾನು ಬೆಚ್ಚಿ ತಿರುಗಿದೆ. ಕರೆಂಟಿನ ಸೈಕಲ್ಲುಗಳ ಹಣೆಬರಹವೇ ಅಷ್ಟು, ಬರುವುದೂ ತಿಳಿಯುವುದಿಲ್ಲ, ಹೋಗುವುದೂ ತಿಳಿಯುವುದಿಲ್ಲ. ಗಂಡ ಹೆಂಡತಿ ಇಬ್ಬರು, ಐವತ್ತೈದರ ಆಸುಪಾಸಿನವರು. ಗಂಡಸು ಹಳದಿ ಅಂಗಿ, ನೀಲಿ ಟೋಪಿ ಹಾಕಿದ್ದ.

"ಚಿಕ್ಕಮ್ಮ, ಗುರ್ತು ಸಿಕ್ತಾ?" ಅಂದ.

"ಮೂಗಿನ ಗುರ್ತು ಸಿಕ್ತು. ನಿಮ್ಮಜ್ಜಂದು. ಮಿಕ್ಕಿದ್ದೆಲ್ಲ ವಾಡುಜ್ ಆಫೀಸಲ್ಲಿ ಕೂತು ಬೆಳೆಸಿರೋದು."

ಅವನು ಗೆಬ್ಹಾರ್ಡ್. ನನ್ನ ದೊಡ್ಡಮ್ಮನ ಮಗಳ ಮಗ. ಅವನ ಅಜ್ಜ ಇದೇ ಗೋಮಾಳದಲ್ಲಿ ಟಿಯೋಡುಲ್‌ಗಿಂತ ಮುಂಚೆ ಕೂಗುತ್ತಿದ್ದವನು, ನಾನು ಹಿಡಿಯುವ ಆಲಿಕೆಯೂ ಆ ಅಜ್ಜನದೇ. ಹೆಂಡತಿ ಟ್ರೌಡಿ ರುಗ್ಗೆಲ್‌ನ ಬಯಲು ಸೀಮೆಯವಳು. ದುಂಡು ಮುಖ, ನಗುವ ಕಣ್ಣು, ಕೊರಳಲ್ಲಿ ಚಿಕ್ಕ ಶಿಲುಬೆ. ನೋಡಿದ ಕೂಡಲೇ ನನಗೆ ಇಷ್ಟವಾದಳು, ಈಗಲೂ ಇಷ್ಟವೇ.

"ಥಾಯ್ಲೆಂಡ್ ನೋಡಿದೀವಿ, ಮೆಕ್ಸಿಕೊ ನೋಡಿದೀವಿ," ಎಂದಳು ಟ್ರೌಡಿ. "ಇವನು ಬೆಳೆದ ಬೆಟ್ಟ ಮಾತ್ರ ನಾನು ನೋಡೇ ಇರ್ಲಿಲ್ಲ ಚಿಕ್ಕಮ್ಮ. ನಾನೇ ಹಟ ಮಾಡ್ದೆ. ಹನ್ನೊಂದು ಊರನ್ನೂ ಸೈಕಲ್ಲಲ್ಲಿ ಸುತ್ತಬೇಕು ಅಂತ. ಇದೇ ಕೊನೇದು."

"ಇಡೀ ದೇಶ ಮೂರು ದಿನಕ್ಕೆ ಮುಗೀತು," ಎಂದ ಗೆಬ್ಹಾರ್ಡ್. "ಇನ್ನೊಂದು ಸ್ವಲ್ಪ ದೊಡ್ಡದು ಮಾಡಿದ್ರೆ ನಮ್ಮಪ್ಪನ ಗಂಟೇನು ಹೋಗ್ತಿತ್ತು?"

"ಬೆಟ್ಟ ಹತ್ತಿದ್ದು ಮೋಟಾರು, ಬೆವರಿದ್ದು ನೀನು. ಒಳಗೆ ಬಾ."

ಟ್ರೌಡಿಯ ಸೈಕಲ್ಲಿನ ಬ್ಯಾಟರಿ ಮುಗಿಯುತ್ತ ಬಂದಿತ್ತು. ರೈನ್ ನದಿಯ ದಂಡೆಯುದ್ದಕ್ಕೂ ಫ್ಯೋನ್ ಎದುರಿಗೆ ಬಡಿದಿದ್ದರಿಂದ ಅದು ಬೇಗ ಖಾಲಿಯಾಗಿತ್ತು. ಚಾವಣಿಯ ಮೇಲಿನ ಸೋಲಾರ್ ಕರೆಂಟು ಹಾಲು ಕರೆಯುವ ಯಂತ್ರಕ್ಕೇ ಸಾಲದು, ಆದರೂ ಟಿಯೋಡುಲ್ ಬ್ಯಾಟರಿಯನ್ನು ಒಯ್ದು ಕಪಾಟಿನ ಮೇಲೆ ಚಾರ್ಜಿಗೆ ಹಚ್ಚಿದ. ಗೆಬ್ಹಾರ್ಡ್ ತನ್ನ ಫೋನನ್ನೂ ಪಕ್ಕದಲ್ಲೇ ಚುಚ್ಚಿಟ್ಟ.

ಟ್ರೌಡಿ ಹಸುಗಳ ಫೋಟೊ ತೆಗೆಯಲು ಹೊರಗುಳಿದಳು. ನಾನು ಗೆಬ್ಹಾರ್ಡ್‌ನನ್ನು ನೆಲಮಾಳಿಗೆಗೆ ಕರೆದೊಯ್ದು ಹುಳಿ ಚೀಸು ಕೊಯ್ದುಕೊಟ್ಟೆ. ಗೋಡೆಯ ಮೇಲಿನ ಆಲಿಕೆಯನ್ನು ನೋಡಿ ಅವನು ಅಗಿಯುವುದನ್ನು ನಿಲ್ಲಿಸಿದ.

"ಇದರ ಸದ್ದು ಕೇಳಿದ್ರೆ ಈಗ್ಲೂ ನನ್ನ ಕಾಲು ಹೂತುಹೋಗುತ್ತೆ ಚಿಕ್ಕಮ್ಮ. ಆರು ವರ್ಷದವನಿದ್ದಾಗ ಒಂದ್ಸಲ ಕೂಗಿನ ಮಧ್ಯದಲ್ಲಿ ಕಾಲು ತೆಗೆದೆ. ಅಜ್ಜ ಕಿವಿಗೆ ಕೊಟ್ಟ ಏಟಿಗೆ ಆವತ್ತು ಇಡೀ ರಾತ್ರಿ ಗಂಟೆ ಬಾರಿಸ್ತಾನೇ ಇತ್ತು. ದೇವರ ಮೇಲೆ ನಂಬಿಕೆ ಹೋಗಿ ಬಹಳ ವರ್ಷ ಆಯ್ತು. ಕಾಲಿಗೆ ಮಾತ್ರ ಇನ್ನೂ ನಂಬಿಕೆ ಇದೆ ನೋಡು."

"ಕಾಲಿಗಾದ್ರೂ ಇದೆಯಲ್ಲ," ಅಂದೆ.

ಮೇಲೆ ಬಂದು ಮುಸುಕಿನ ಜೋಳದ ರವೆ ಹುರಿದ ರೀಬೆಲ್, ಸೇಬಿನ ಗೊಜ್ಜು, ಕಾಫಿ ಕೊಟ್ಟೆ. ಊಟಕ್ಕೆ ಕೂತಾಗ ಟ್ರೌಡಿ, ಆ ಕೂಗಿನಲ್ಲಿ ಏನು ಹೇಳುತ್ತಾರೆ ಎಂದು ಗಂಡನನ್ನು ಕೇಳಿದಳು. ಅವನಿಗೆ ಕೊನೆಯ ಸಾಲು ಮಾತ್ರ ಬಾಯಿಗೆ ಬಂತು. ರಾಗ ಸಮೇತ ಹೇಳಿದ: "ಇಂದು ಇಲ್ಲಿದ್ದುದು ನಾಳೆಯೂ ಇಲ್ಲಿರಲಿ, ಆಮೆನ್."

"ಅಷ್ಟೇನಾ?"

"ನಂಗೆ ಬೇಕಾಗಿದ್ದೇ ಅಷ್ಟು. ಅದಾದ ತಕ್ಷಣ ಊಟ ಹಾಕ್ತಿದ್ರು. ಓಡೋದೇ."

ಟ್ರೌಡಿ ನಕ್ಕಳು. ಆ ಸಾಲನ್ನು ಎರಡು ಮೂರು ಸಲ ಅವನ ಜೊತೆ ಹಾಡಿ ಕಲಿತಳು. ಒಳ್ಳೆಯ ಕಂಠ. ರುಗ್ಗೆಲ್ ಚರ್ಚಿನಲ್ಲಿ ಹಾಡುವವಳಂತೆ. "ಎಷ್ಟು ಚೆನ್ನಾಗಿದೆ," ಎಂದಳು, "ಇದನ್ನ ಹೇಳದೆ ಮಲಗೋಕೇ ಮನಸ್ಸು ಬರಲ್ಲ."

ಕಾಫಿ ಮುಗಿಸಿ ಗೆಬ್ಹಾರ್ಡ್ ಎದ್ದ. ಟ್ರೌಡಿಯ ಬ್ಯಾಟರಿ ತುಂಬುವಷ್ಟರಲ್ಲಿ ತಾನೊಬ್ಬನೇ ಮೇಲಿನ 'ಬಾಗಿಲಿ'ಗೆ ಹೋಗಿ ಬರುತ್ತೇನೆ ಎಂದ. ಬೆಟ್ಟದ ಏಣಿನಲ್ಲಿರುವ ಸೀಳನ್ನು ನಾವು ಹಾಗೆ ಕರೆಯುತ್ತೇವೆ. ಚಿಕ್ಕಂದಿನಲ್ಲಿ ಅಜ್ಜ ಅವನನ್ನು ಅಲ್ಲಿ ಕೂರಿಸಿ ಆಸ್ಟ್ರಿಯಾ ತೋರಿಸುತ್ತಿದ್ದನಂತೆ.

"ಬೇಡ," ಅಂದೆ. "ಗಾಳಿ ಬಿದ್ದಿದೆ. ಹಸುಗಳನ್ನ ನೋಡು, ಹ್ಯಾಗೆ ನಿಂತಿವೆ."

"ಅರ್ಧ ಗಂಟೆ ಚಿಕ್ಕಮ್ಮ. ಮೋಟಾರಿದೆ. ಈ ದೇಶದಲ್ಲಿ ಕಳೆದುಹೋಗೋದಾದ್ರೂ ಹ್ಯಾಗೆ? ದಾರಿ ತಪ್ಪಿದ್ರೆ ಒಂದೋ ಸ್ವಿಟ್ಜರ್ಲೆಂಡ್, ಇಲ್ಲಾಂದ್ರೆ ಆಸ್ಟ್ರಿಯಾ!"

ಈ ಮಾತನ್ನು ನಾವೆಲ್ಲರೂ ಆಡುತ್ತೇವೆ, ನಾನೂ ಆಡಿದ್ದೇನೆ. ಭೂಪಟ ನೋಡಿ ಆಡುವ ಮಾತು ಅದು. ನಮ್ಮ ದೇಶ ಚಿಕ್ಕದಾಗಿರುವುದು ಅಡ್ಡಕ್ಕೆ ಮಾತ್ರ. ಮೇಲಕ್ಕೆ ಕೆಳಕ್ಕೆ ಅದು ಯಾವ ದೇಶಕ್ಕೂ ಕಡಿಮೆಯಿಲ್ಲ.

"ಹೋಗ್ಲಿ ಬಿಡು ಚಿಕ್ಕಮ್ಮ, ಹುಡುಗಾಟ ಅವನಿಗೆ," ಎಂದಳು ಟ್ರೌಡಿ. ಅವನ ಅಂಗಿಯ ಕಾಲರು ಸರಿಮಾಡಿದಳು. ಅವನು ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು, ಸದ್ದಿಲ್ಲದ ಆ ಸೈಕಲ್ಲನ್ನು ಹತ್ತಿ ಹೋದ. ತಿರುವಿನಲ್ಲಿ ಹಳದಿ ಅಂಗಿ ಒಮ್ಮೆ ಕಂಡಿತು.

ಮಂಜು ಸ್ಟೇಗ್ ಕಡೆಯಿಂದ ಕೊರಕಲಿನ ಒಳಗೇ ಹತ್ತಿ ಬಂತು. ಮೊದಲು ಕೆಳಗಿನ ಗೇಟು ಹೋಯಿತು, ಆಮೇಲೆ ಕೊಟ್ಟಿಗೆ, ಆಮೇಲೆ ಶಿಲುಬೆ. ಟ್ರೌಡಿ ಬಾಗಿಲಲ್ಲಿ ನಿಂತು ಅವನಿಗೆ ಫೋನ್ ಮಾಡಿದಳು. ಫೋನು ನಮ್ಮ ಕಪಾಟಿನ ಮೇಲೆ ರಿಂಗಾಯಿತು.

ನಾನು ಸ್ಟೇಗ್‌ನ ಬೆಟ್ಟ ರಕ್ಷಣೆಯವರಿಗೆ ಫೋನ್ ಮಾಡಿದೆ. ಈ ಮಂಜಿನಲ್ಲಿ ಹೆಲಿಕಾಪ್ಟರ್ ಏಳುವುದಿಲ್ಲ, ನಾಲ್ಕು ಜನ ನಡೆದು ಹೊರಡುತ್ತೇವೆ ಎಂದರು. ನಡೆದು ಬರಲು ಎಷ್ಟು ಹೊತ್ತಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಅಷ್ಟರಲ್ಲಿ ಕತ್ತಲಾಗತೊಡಗಿತು.

ಟ್ರೌಡಿ ಅಂಗಳಕ್ಕೆ ಓಡಿ ಎರಡೂ ಕೈ ಬಾಯಿಗೆ ಹಿಡಿದಳು. ನಾನು ಹಿಂದಿನಿಂದ ಹೋಗಿ ಅವಳ ಕೈ ಎಳೆದೆ.

"ಕೂಗ್ಬೇಡ! ನೀನು ಕೂಗಿದ್ರೆ ಆಚೆಯವನು ಕೂಗ್ತಾನೆ. ಅವನ ಕಡೆಗೇ ನಡೀತಾನೆ ನಿನ್ನ ಗಂಡ."

"ಯಾರು ಆಚೆಯವನು? ಏನ್ ಹೇಳ್ತಿದ್ದೀಯ ಚಿಕ್ಕಮ್ಮ?"

"ಬಂಡೆ ಕಣೇ. ಬಂಡೆ ತಿರುಗಿ ಕೂಗುತ್ತೆ. ಮಧ್ಯೆ ಕೊರಕಲಿದೆ."

ಅವಳು ಬಾಯಿಗೆ ಕೊರಳ ವಸ್ತ್ರ ತುರುಕಿಕೊಂಡು ಅತ್ತಳು. ಆಗ ಮಂಜು ಒಂದು ಕಡೆ ತೆಳುವಾಯಿತು, ಮತ್ತು ಟಿಯೋಡುಲ್ ನನ್ನ ತೋಳನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದ. ಮೇಲೆ, ಕೊರಕಲಿನ ಅಂಚಿನ ಕಡೆ, ಒಂದು ಬಿಳಿ ದೀಪ ಕಾಣುತ್ತಿತ್ತು. ಸೈಕಲ್ಲಿನ ದೀಪ. ಅದು ದಾರಿಯಲ್ಲಿರಲಿಲ್ಲ. ದಾರಿ ಬಿಟ್ಟು, ಜಾರು ಹುಲ್ಲಿನ ಮೇಲೆ, ಮೆಲ್ಲಗೆ ಅಂಚಿನ ಕಡೆಗೇ ಇಳಿಯುತ್ತಿತ್ತು.

ಯೋಚಿಸಿದೆ ಎಂದು ಹೇಳಿದರೆ ಸುಳ್ಳಾದೀತು. ಒಳಗೆ ಓಡಿ ಆಲಿಕೆ ತಂದೆ. ಶಿಲುಬೆಯ ಬುಡದಲ್ಲಿ ನಿಂತು, ಉಸಿರೆಳೆದು, ಸಂಜೆ ಕೂಗು ಕೂಗಿದೆ.

ದೀಪ ನಿಂತಿತು.

ಗಕ್ಕನೆ ನಿಂತಿತು. ಅಜ್ಜ ಕೊಟ್ಟ ಏಟು ಅವನ ಕಾಲಿನಲ್ಲಿ ಇನ್ನೂ ಇತ್ತು. ಮಾತು ಅವನಿಗೆ ಮುಟ್ಟುತ್ತಿರಲಿಲ್ಲ, ರಾಗ ಮುಟ್ಟುತ್ತಿತ್ತು, ಅದೂ ಆಚೆಯವನ ಬಾಯಿಂದ. ಯಾರ ಬಾಯಿಂದಾದರೇನು, ಕೂಗು ಕೂಗೇ. ಕೊನೆಯ ಸಾಲು ಬರುವ ತನಕ ಅವನು ಹೆಜ್ಜೆ ಎತ್ತುವುದಿಲ್ಲ. ಹಾಗಾದರೆ ಕೊನೆಯ ಸಾಲು ಬರಲೇಬಾರದು.

ಟಿಯೋಡುಲ್‌ಗೆ ಹೇಳಬೇಕಾಗಲಿಲ್ಲ. ಹಗ್ಗ, ಲಾಟೀನು ತೆಗೆದುಕೊಂಡು ಅವನು ಮೇಲಕ್ಕೆ ಹೊರಟ. ನಾನು ಮುಂದುವರಿಸಿದೆ.

"ಕಲ್ಲಿಗೆ ಬೇಲಿ, ನೀರಿಗೆ ಬೇಲಿ, ಕೊಂಬಿಗೆ ಬೇಲಿ, ಕಾಲಿಗೆ ಬೇಲಿ, ಸಂತ ವೆಂಡೆಲಿನ್, ಬೇಲಿ ಕಾಯೋ..."

ಅದು ಮುಗಿದರೆ ಕೊನೆಯ ಸಾಲು. ನಾನು ಅಲ್ಲಿಗೆ ಹೋಗದೆ ಮತ್ತೆ ಕಲ್ಲಿಗೆ ಬಂದೆ. ಕಲ್ಲಿಗೆ ಬೇಲಿ, ನೀರಿಗೆ ಬೇಲಿ. ಮತ್ತೆ. ಇನ್ನೊಮ್ಮೆ. ನಡುವೆ ಉಸಿರು ಎಳೆಯುವಷ್ಟೂ ಬಿಡುವು ಕೊಡುವ ಹಾಗಿರಲಿಲ್ಲ. ನಿಂತರೆ ಮುಗಿಯಿತೆಂದು ಅವನು ಹೊರಟರೆ? ಆಲಿಕೆಯ ಮರ ತುಟಿಗೆ ತಿಕ್ಕಿ ಉಪ್ಪು ರುಚಿ ಬಂತು. ಟ್ರೌಡಿಗೆ ಒಂದು ಮಾತು ಹೇಳಬೇಕಿತ್ತು. ಬಾಯಿ ಖಾಲಿ ಇರಲಿಲ್ಲ. ಕೈಯೆತ್ತಿ ದೀಪವನ್ನು ಮಾತ್ರ ತೋರಿಸಿದೆ.

ಅವಳು ನೋಡಿದಳು. "ಗೆಬಿ!" ಎಂದು ಪಿಸುಗುಟ್ಟಿ ಮೊಣಕಾಲೂರಿದಳು. ಕೊರಳ ಶಿಲುಬೆ ಹಿಡಿದು, ಪ್ರತಿ ಸಾಲಿಗೂ ತುಟಿಯಾಡಿಸುತ್ತ, ಕೊನೆಯ ಸಾಲಿಗಾಗಿ ಕಾದಳು. ನಾನು ಮತ್ತೆ 'ಕಲ್ಲಿಗೆ ಬೇಲಿ'ಗೆ ಮರಳಿದಾಗಲೆಲ್ಲ ಕಂಗಾಲಾಗಿ ನನ್ನ ಮುಖ ನೋಡಿದಳು. ಪ್ರಾರ್ಥನೆ ಪೂರ್ತಿಯಾಗದೆ ಕಾಪಾಡುವುದಿಲ್ಲ ಎಂದು ನಂಬಿ ಬೆಳೆದವಳು. ಅವಳ ತಪ್ಪೇನು? ನಾವೆಲ್ಲ ಹಾಗೆಯೇ ಬೆಳೆದವರು.

ಎಷ್ಟು ಸಲ ಕೂಗಿದೆನೋ. ಟಿಯೋಡುಲ್‌ನ ಲಾಟೀನು ದೀಪದ ಹತ್ತಿರ ಹತ್ತಿರ ಹೋಗುತ್ತಿತ್ತು. ಇನ್ನೊಂದು ನಾಲ್ಕು ಸುತ್ತು ಕೂಗಿದ್ದರೆ ಸಾಕಿತ್ತು. ಅಷ್ಟರಲ್ಲಿ ನನ್ನ ಗಂಟಲು ಕಟ್ಟಿತು. ವೆಂಡೆಲಿನ್ ಎನ್ನುವಲ್ಲಿ ದನಿ ಒಡೆದು, ಕೆಮ್ಮು ನುಗ್ಗಿ, ನಾನು ಸೊಂಟ ಬಗ್ಗಿಸಿ ಕೂತುಬಿಟ್ಟೆ.

"ಮರ್ತೋಯ್ತಾ ಚಿಕ್ಕಮ್ಮ?" ಟ್ರೌಡಿ ನನ್ನ ಬೆನ್ನು ಸವರಿದಳು. ಅವಳ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಅಕ್ಕರೆಯಿತ್ತು. "ಹೆದ್ರಿಕೆಗೆ ಮರ್ತಿದ್ದೀಯ. ಇರು, ನಂಗೊತ್ತು, ನಾನು ಮುಗಿಸ್ತೀನಿ."

ನಾನು ಕೈ ಚಾಚಿದೆ. ಅವಳು ನನಗೆ ಆಸರೆ ಬೇಕಾಗಿದೆ ಎಂದುಕೊಂಡು ಆ ಕೈಯನ್ನು ಹಿಡಿದುಕೊಂಡಳು. ಇನ್ನೊಂದು ಕೈಯಲ್ಲಿ ಆಲಿಕೆ ಎತ್ತಿದಳು. ಕೆಮ್ಮಿನ ನಡುವೆ ನನ್ನ ಬಾಯಿಂದ ಬೇಡ ಎಂಬ ಎರಡಕ್ಷರ ಹೊರಡಲಿಲ್ಲ.

"ಇಂದು ಇಲ್ಲಿದ್ದುದು ನಾಳೆಯೂ ಇಲ್ಲಿರಲಿ, ಆಮೆನ್."

ಎಷ್ಟು ಚೆಂದ ಹಾಡಿದಳು. ಆಚೆಯವನು ಅದನ್ನು ಒಂದು ಸ್ವರ ಬಿಡದೆ ತಿರುಗಿ ಹಾಡಿದ.

ದೀಪ ಅಲ್ಲಾಡಿತು. ಮೇಲೆ ಲಾಟೀನು ಹುಚ್ಚು ಹಿಡಿದಂತೆ ಅತ್ತಿತ್ತ ಬೀಸಿತು, ಕಲ್ಲಿಗೆ ಕಲ್ಲು ಬಡಿಯುವ ಸದ್ದಾಯಿತು. ದನಿಯಿಲ್ಲದವನು ಇನ್ನೇನು ಮಾಡಿಯಾನು? ಬಿಳಿ ದೀಪ ಕರಿಬಂಡೆಯ ಕಡೆಗೆ ಸಲೀಸಾಗಿ ಸಾಗಿತು. ಊಟಕ್ಕೆ ಹೊರಟಂತೆ ಸಾಗಿತು. ಆಮೇಲೆ ಇರಲಿಲ್ಲ.

"ಬರ್ತಿದ್ದಾನೆ ಚಿಕ್ಕಮ್ಮ!" ಎಂದಳು ಟ್ರೌಡಿ. "ನೋಡ್ದೆಯಾ? ಆಮೆನ್ ಅಂದ ತಕ್ಷಣ ಹೊರಟ!"

ಸ್ಟೇಗ್‌ನವರು ಅವನನ್ನು ಬೆಳಿಗ್ಗೆ ಕೊರಕಲಿನ ತಳದಲ್ಲಿ ಕಂಡರು. ಸೈಕಲ್ಲಿನ ದೀಪ ಇನ್ನೂ ಉರಿಯುತ್ತಿತ್ತಂತೆ, ಬ್ಯಾಟರಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಆ ದಿನ ನಾವು ಹಸುಗಳನ್ನು ಹೂವಿಲ್ಲದೆ ಇಳಿಸಿದೆವು. ದಾರಿಯ ಇಕ್ಕೆಲದಲ್ಲಿ ನಿಂತ ಜನ ಬರಿಗೊಂಬು ಕಂಡು ಟೋಪಿ ತೆಗೆದರು.

ಟಿಯೋಡುಲ್ ಕಂಡದ್ದನ್ನು ನನಗೆ ಕೈಸನ್ನೆಯಲ್ಲೇ ಹೇಳಿದ್ದಾನೆ, ಒಂದೇ ಸಲ. ಟೋಪಿಯನ್ನು ಎದೆಗೆ ಹಿಡಿದು ತೋರಿಸಿದ. ತಲೆ ಬಗ್ಗಿಸಿ ತೋರಿಸಿದ. ತಾನು ಎಷ್ಟು ಹತ್ತಿರವಿದ್ದೆನೆಂದು ಮೇಜಿನಿಂದ ಬಾಗಿಲಿಗೆ ಬೆರಳು ಮಾಡಿದ. ಆಮೇಲೆ ಟೋಪಿಯನ್ನು ತಲೆಗೆ ಹಾಕಿಕೊಂಡು, ಕಿವಿಯವರೆಗೆ ಎಳೆದುಕೊಂಡು, ಒಂದು ಹೆಜ್ಜೆ ಮುಂದಿಟ್ಟ. ಅಷ್ಟಕ್ಕೇ ಕೂತು ಅತ್ತ. ಸದ್ದಿಲ್ಲದ ಅಳು ನೋಡುವುದು ಕಷ್ಟ.

ಟ್ರೌಡಿ ಪ್ರತಿ ಸೆಪ್ಟೆಂಬರ್‌ನಲ್ಲೂ ಬರುತ್ತಾಳೆ. ಒಬ್ಬಳೇ, ಅದೇ ಸೈಕಲ್ಲಿನಲ್ಲಿ, ಈಗ ಚೀಲದಲ್ಲಿ ಇನ್ನೊಂದು ಬ್ಯಾಟರಿ ಇರುತ್ತದೆ. ರೀಬೆಲ್ ತಿನ್ನುತ್ತಾಳೆ, ಪಾತ್ರೆ ತೊಳೆಯುತ್ತಾಳೆ. ಸಂಜೆ ನಾನು ಕೂಗಲು ಹೊರಟರೆ ಜೊತೆಗೆ ಬಂದು ನಿಲ್ಲುತ್ತಾಳೆ. ಕೊನೆಯ ಸಾಲಿಗೆ ನಾನು ಆಲಿಕೆಯನ್ನು ಅವಳ ಕೈಗೆ ಕೊಡುತ್ತೇನೆ. ಆಗ ಟಿಯೋಡುಲ್ ಕೊಟ್ಟಿಗೆಗೆ ಹೋಗುತ್ತಾನೆ.

"ಒಂದೇ ಸಮಾಧಾನ ಚಿಕ್ಕಮ್ಮ," ಎನ್ನುತ್ತಾಳೆ ಪ್ರತಿ ಸಲ. "ಕಾಲು ಜಾರೋ ಮುಂಚೆ ಅವನಿಗೆ ಆಮೆನ್ ಕೇಳಿಸ್ತು. ನನ್ನ ಬಾಯಿಂದಾನೇ ಕೇಳಿಸ್ತು. ಅಷ್ಟಾದ್ರೂ ನನ್ನ ಕೈಲಿ ಮಾಡೋಕಾಯ್ತಲ್ಲ."

ಕಳೆದ ವರ್ಷ ಅವಳು ಪಾತ್ರೆ ಒರೆಸುತ್ತ ಕಿಟಕಿಯ ಬಳಿ ನಿಂತಿದ್ದಳು. ಕಿಟಕಿಯಾಚೆ ಮೆಲ್ಲಗೆ ಮಂಜು ಏಳುತ್ತಿತ್ತು.

"ಒಂದು ಕೇಳ್ಲಾ? ಆವತ್ತು ಅಷ್ಟೊಂದು ಸಲ ಕೂಗಿದೆಯಲ್ಲ ನೀನು. ಪ್ರತಿ ಸಲಾನೂ ಅಲ್ಲೀತನಕ ಬಂದು ಹಿಂದಕ್ಕೆ ಹೋಗ್ತಿದ್ದೆ. ಕೊನೆ ಸಾಲು ಯಾಕೆ ಹೇಳ್ಲಿಲ್ಲ?"

ಆ ಸಾಲನ್ನು ನಾನು ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದವಳು, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವವಳು. ಮೂಲೆಯಲ್ಲಿ ಬಕೆಟ್ ತೊಳೆಯುತ್ತಿದ್ದ ಟಿಯೋಡುಲ್‌ನ ಕೈ ನಿಂತಿತು. ಅವನು ನನ್ನನ್ನು ನೋಡಿದ. ನಾನು ಅವಳನ್ನು ನೋಡಿದೆ: ಕೆನ್ನೆ ಇಳಿದಿದ್ದವು, ಕಣ್ಣು ಮಾತ್ರ ಹಾಗೆಯೇ ಇದ್ದವು.

"ನೀನೇ ಹೇಳಿದ್ಯಲ್ಲೇ ಆವತ್ತು," ಅಂದೆ. "ಮರ್ತೋಗಿತ್ತು ಕಣೇ ಟ್ರೌಡಿ. ಹೆದ್ರಿಕೆಗೆ ಮರ್ತೋಗಿತ್ತು."